ಒಂದು ಗ್ರಾಮಿನ ಬಟ್ಟು

ಅವರನ್ನು ನಾನು ಮೊದಲು ಕಂಡದ್ದು ಒಂದು ಗುರುವಾರ, ಬೆಳಗ್ಗೆ ಹತ್ತೂಕಾಲಿಗೆ. ಆಸ್ಪತ್ರೆಯಲ್ಲಿ ಗುಮಾಸ್ತನಾಗಿ ಸೇರಿ ಹನ್ನೆರಡು ದಿನವಾಗಿತ್ತು. ಹಸುಗೂಸುಗಳನ್ನು ತೂಗುವ ತಕ್ಕಡಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಎದೆಗವಚಿಕೊಂಡು, ಅದನ್ನು ರಿಪೇರಿ ಮಾಡುವವರ ಅಂಗಡಿಗೆ ಹೋಗಿದ್ದೆ. ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆಯೇ. ಒಂದು ಮೇಜು, ಒಂದು ದೀಪ, ಗೋಡೆಯ ಮೊಳೆಗಳಲ್ಲಿ ನೇತಾಡುವ ಹದಿನಾಲ್ಕು ತಕ್ಕಡಿಗಳು. ಬೀದಿಯವರೆಲ್ಲ ತಕ್ಕಡಿ ತಾತ ಎಂದು ಕರೆಯುತ್ತಿದ್ದ ಆ ಮುದುಕರು ಕನ್ನಡಕವನ್ನು ಹಣೆಗೇರಿಸಿ ನನ್ನ ಗಂಟನ್ನು ನೋಡಿದರು.

“ಏನೂ ಇಡದಿದ್ದಾಗ ಎಷ್ಟು ತೋರಿಸುತ್ತೆ?”

“ನಲವತ್ತು ಗ್ರಾಂ.”

“ಯಾವಾಗಿಂದ?”

“ನಾನು ಕೆಲಸಕ್ಕೆ ಬಂದಾಗಿಂದ.”

“ಅಂದ್ರೆ ನೀವು ಬಂದಮೇಲೆ ಹುಟ್ಟಿದ ಮಕ್ಕಳೆಲ್ಲ ನಲವತ್ತು ಗ್ರಾಂ ಸುಳ್ಳು,” ಎಂದರು. ಅವರು ನಗಲಿಲ್ಲ. ನಾನೂ ನಗಲಿಲ್ಲ, ತಪ್ಪು ನನ್ನದೇ ಅನ್ನಿಸಿತ್ತು.

ಶನಿವಾರ ಬರಲು ಹೇಳಿದರು. ಹೋದೆ. ಅಂದು ಶಾಲೆಗಳಿಗೆ ರಜೆಯ ಮೊದಲ ದಿನ. ಮನೆ ತುಂಬ ಜನ.

ಪ್ರತಿ ರಜೆಗೂ ತಾತ ಮಗಳ ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು ಉಡುಗೊರೆ ಕೊಡುತ್ತಿದ್ದರಂತೆ. ಆ ವರ್ಷ ಬೇರೆ ಊರಿನಲ್ಲಿದ್ದ ಮಗ ಮದುವೆಯಾಗಿದ್ದ. ಸೊಸೆಗೆ ತೀರಿಹೋದ ಮೊದಲ ಗಂಡನಿಂದ ಒಂಬತ್ತು ವರ್ಷದ ಮಗಳಿದ್ದಳು. ಅವಳಿಗೆ ಎಷ್ಟು ಕೊಡಬೇಕು ಎನ್ನುವುದು ಎರಡು ದಿನದಿಂದ ಆ ಮನೆಯಲ್ಲಿ ತೀರ್ಮಾನವಾಗದ ವಿಷಯ.

“ಅವಳಿಗೆ ಒಂದು ಸಾಕಪ್ಪ,” ಎಂದಳು ಮಗಳು. “ಅವಳ ಅಪ್ಪನ ಕಡೆ ತಾತಾನೂ ಕೊಡ್ತಾರೆ. ಕೂಡಿಸಿದ್ರೆ ನಮ್ಮ ಹುಡುಗರಿಗಿಂತ ಅವಳದೇ ಜಾಸ್ತಿ ಆಗಲ್ವಾ?”

“ನೀವು ಹೇಗೆ ಹೇಳ್ತೀರೋ ಹಾಗೇ ಅತ್ತಿಗೆ,” ಎಂದು ಅಡುಗೆಮನೆಯಿಂದ ಸೊಸೆಯ ದನಿ ಬಂತು. ಹಿಂದೆಯೇ ಪಾತ್ರೆ ಕುಕ್ಕಿದ ಸದ್ದೂ ಬಂತು.

ತಾತ ಯೋಚಿಸಿ ದಾರಿ ಕಂಡುಕೊಂಡಿದ್ದರು. ಎಣಿಸಿದರೆ ಜಗಳ, ಆದ್ದರಿಂದ ಎಣಿಸುವುದೇ ಬೇಡ. ತಲೆಗೊಂದು ಕಿಲೋ.

“ಮೊಮ್ಮಕ್ಕಳೋ ಈರುಳ್ಳೀನೋ?” ಎಂದರು ಅಜ್ಜಿ.

“ನೀವು ಹೊರಗಿನವರು, ಮುಳ್ಳು ನೀವು ನೋಡಿ,” ಎಂದು ತಾತ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ನಾನು ಮುಳ್ಳನ್ನೇ ನೋಡುತ್ತ ಕುಳಿತೆ.

ಚಿಕ್ಕವನು ಕೇಳಿದ್ದು ಕಬ್ಬಿಣದ ಲಾರಿ. ಹದಿನೆಂಟು ಗ್ರಾಂ ಹೆಚ್ಚು ಬಂತು. ತಾತ ಸ್ಕ್ರೂಡ್ರೈವರ್ ತೆಗೆದು ಲಾರಿಯ ಸ್ಟೆಪ್ನಿ ಬಿಚ್ಚಿದರು. ಈಗ ಎರಡು ಗ್ರಾಂ ಕಡಿಮೆಯಾಯಿತು. ಒಂದು ನಟ್ಟು ಸೇರಿಸಿದರು. ಹುಡುಗ ನೆಲಕ್ಕೆ ಬಿದ್ದು ಅಳತೊಡಗಿದ. ದೊಡ್ಡವನು ಜಾಣ. ಗಾಳಿಪಟ ಕೇಳಿದ್ದ, ಉಳಿದ ತೂಕಕ್ಕೆ ಬಿಸ್ಕೆಟ್. ಕೊನೆಯ ಬಿಸ್ಕೆಟ್ಟನ್ನು ಎರಡು ಸಲ ಮುರಿಯಬೇಕಾಯಿತು. ಮುರಿದ ತುಂಡನ್ನು ನನಗೆ ಕೊಟ್ಟರು.

ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಂದಾಗಿನಿಂದ ತಾತನನ್ನು ಏನೆಂದೂ ಕರೆದಿರಲಿಲ್ಲ. ಏನು ಬೇಕೆಂದು ಕೇಳಿದಾಗಲೆಲ್ಲ “ಏನೂ ಬೇಡ” ಎಂದಿದ್ದಳು. ಅವಳ ಪಾಲಿನ ತಟ್ಟೆ ಖಾಲಿ ಇತ್ತು.

“ಖಾಲಿ ತಟ್ಟೆ ನಾನು ತೂಗಲ್ಲ ಪುಟ್ಟಿ,” ಎಂದರು ತಾತ. “ಏನಾದ್ರೂ ಒಂದು ಹೇಳು.”

ಅವಳು ಮೇಜಿನತ್ತ ಕೈ ತೋರಿಸಿದಳು. “ಆ ಪೆಟ್ಟಿಗೇಲಿರೋದು. ತೀರಾ ಚಿಕ್ಕದು.”

ಅದು ತೂಕದ ಬಟ್ಟುಗಳ ಮರದ ಪೆಟ್ಟಿಗೆ. ಅವರಿಗೆ ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ಹಿತ್ತಾಳೆಯ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ತಂತಮ್ಮ ಗುಳಿಗಳಲ್ಲಿ ಕುಳಿತಿದ್ದವು. ಬೆವರು ತಾಗಿದರೆ ತೂಕ ಕೆಡುತ್ತದೆಂದು ನಲವತ್ತು ವರ್ಷದಿಂದ ತಾತ ಅವನ್ನು ಚಿಮಟದಲ್ಲೇ ಎತ್ತುತ್ತಿದ್ದರು.

ಚಿಕ್ಕವನ ಅಳು ನಿಂತಿತು. “ನಾನು ಕೇಳಿದ್ರೆ ಮುಟ್ಟಬೇಡ ಅಂತಿದ್ರಿ!”

ತಾತ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹುಡುಗಿಯನ್ನು ಕೇಳಿದರು, “ಎಲ್ಲಿ ಇಟ್ಕೋತೀಯ?”

“ಕಂಪಾಸ್ ಬಾಕ್ಸಲ್ಲಿ.”

“ಮುಂದಿನ ರಜೆಗೆ ತರ್ತೀಯಾ?”

“ಮುಂದಿನ ರಜೆಗೂ ನಾನು ಬರಬಹುದಾ?”

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

“ಬರದೆ?” ಎಂದರು ತಾತ. “ಅದಿಲ್ದೆ ನಾನು ತೂಗೋದು ಹೇಗೆ?”

ಚಿಮಟ ಬದಿಗಿಟ್ಟು, ಒಂದು ಗ್ರಾಮಿನ ಬಟ್ಟನ್ನು ಬೆರಳಲ್ಲೇ ಎತ್ತಿ ಅವಳ ಅಂಗೈಯಲ್ಲಿಟ್ಟರು. ಹುಡುಗರಿಬ್ಬರೂ ಕೈ ಚಾಚಿ ನಿಂತಿದ್ದರು. ಪೆಟ್ಟಿಗೆಯಲ್ಲಿ ಎರಡು ಗ್ರಾಮಿನವು ಎರಡು ಇರುತ್ತವೆ, ಅದರ ಮೇಲಿನದು ಐದರದು. ಆ ಎರಡೂ ಹೋದವು.

“ಒಬ್ಬೊಬ್ಬರಿಗೂ ಒಂದೊಂದು. ಇನ್ಮೇಲೆ ಇಷ್ಟೇ,” ಎಂದರು. ಲಾರಿಯನ್ನೂ ಬಿಸ್ಕೆಟ್ಟನ್ನೂ ಮೂವರ ನಡುವೆ ಇಟ್ಟರು.

“ನಮಗೆ ಡಬಲ್!” ಎಂದ ದೊಡ್ಡವನು. ಮಗಳು ಅದನ್ನು ಕೇಳಿಸಿಕೊಂಡಳು, ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದಳು, ಸರಿ ಎಂದು ತಲೆಯಾಡಿಸಿದಳು. ಹುಡುಗಿ ಮುಷ್ಟಿ ಬಿಗಿಹಿಡಿದಿದ್ದಳು. ಅವಳಿಗೆ ಬೇಕಾದದ್ದು ಚಿಕ್ಕದೇ.

ಅಜ್ಜಿ ನನ್ನತ್ತ ತಿರುಗಿದರು. “ನೀವು ಮುಳ್ಳು ನೋಡಿದ್ದು ಸಾಕು, ಊಟಕ್ಕೆ ಏಳಿ.”

ನಮ್ಮ ತಕ್ಕಡಿ ಈಗ ಸೊನ್ನೆಯನ್ನೇ ತೋರಿಸುತ್ತದೆ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ನಾನೇ ಒಯ್ಯುತ್ತೇನೆ. ಹೋದಾಗಲೆಲ್ಲ ಪೆಟ್ಟಿಗೆಯಲ್ಲಿ ಮೂರು ಗುಳಿ ಖಾಲಿ ಇರುವುದನ್ನು ನೋಡುತ್ತೇನೆ. ಮೊನ್ನೆ ಒಬ್ಬ ಅಕ್ಕಸಾಲಿಗ ತನ್ನ ಸಣ್ಣ ತಕ್ಕಡಿ ತಂದಿದ್ದ. “ಈಗಾಗಲ್ಲ, ಮಕ್ಕಳಿಗೆ ರಜೆ ಬಂದಾಗ ತನ್ನಿ,” ಎಂದು ತಾತ ಕಳಿಸಿಬಿಟ್ಟರು.

ಅವರಿಗೆ ಈಗ ಎಪ್ಪತ್ತೊಂದು. ಬೆಳಗ್ಗೆ ಒಂಬತ್ತಕ್ಕೆ ಅಂಗಡಿ ತೆಗೆದು ಸಂಜೆ ಆರರವರೆಗೆ ತಕ್ಕಡಿ ರಿಪೇರಿ ಮಾಡುತ್ತಾರೆ. ಐದು ಗ್ರಾಮಿಗಿಂತ ಕಡಿಮೆ ತೂಗುವ ಕೆಲಸವನ್ನು ರಜೆಯಲ್ಲಿ ಮಾತ್ರ ತೆಗೆದುಕೊಳ್ಳುತ್ತಾರೆ.