ಗರುಡಗಂಬ ಬೇಕೆಂದವರು

ನಮ್ಮ ಮೇಡಂ ಅವರ ಎಡಗಾಲಿನ ಚಪ್ಪಲಿ ಯಾವಾಗಲೂ ಹಿಮ್ಮಡಿಯಿಂದ ಕಳಚಿಕೊಂಡು ಹೆಬ್ಬೆರಳಿಗೆ ನೇತುಬಿದ್ದಿರುತ್ತಿತ್ತು. ಕುಳಿತರೆ ಸಾಕು, ಆ ಕಾಲು ಕುಣಿಯಲು ಶುರು. ಚಪ್ಪಲಿ ನೆಲಕ್ಕೆ ಬಡಿದು ಟಪ್ ಟಪ್ ಟಪ್. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಶೆಡ್ಡು. ಅದರ ಹಿಂಭಾಗದ ಕೋಣೆಯನ್ನು ಕತ್ತಲು ಮಾಡಿಕೊಂಡು ನಾವು ಕೆಲಸ ಮಾಡುತ್ತಿದ್ದೆವು. ಆ ಕತ್ತಲಲ್ಲಿ ಅವರು ಎಲ್ಲಿದ್ದಾರೆಂದು ತಿಳಿಯಲು ದೀಪ ಬೇಕಿರಲಿಲ್ಲ. ಮೊದಮೊದಲು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಕಾಲು ನಿಲ್ಲಿಸಿ ಮೇಡಂ, ದಮ್ಮಯ್ಯ" ಎಂದು ಒಂದು ದಿನ ಅಂದೇಬಿಟ್ಟೆ.

"ಕಾಲು ನಿಂತ್ರೆ ತಲೇನೂ ನಿಂತೋಗುತ್ತೆ ಕಣೆ" ಅಂದರು.

ಅವರು ಹೊಸಕೋಟೆ ಕಡೆಯವರು, ಸಮೇತನಹಳ್ಳಿಯ ಒಕ್ಕಲು ಮನೆಯಲ್ಲಿ ಬೆಳೆದವರು. ಭೌತಶಾಸ್ತ್ರ ಓದಿ, ಬೆಂಗಳೂರಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ಅಲ್ಲಿಯ ಮೀಟಿಂಗುಗಳಲ್ಲಿ ಕುಳಿತಿರಲಾರದೆ ಎದ್ದು ಬಂದು ಈ ಶೆಡ್ಡು ಹಾಕಿದ್ದರು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪಕ್ಕದ ತಾಲ್ಲೂಕಿನ ವಿಜಯಪುರದಿಂದ ಬಸ್ಸು ಹತ್ತಿ ಬಂದವಳು. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಹುಡುಕುವ ದೊಡ್ಡ ಸ್ಕ್ಯಾನಿಂಗ್ ಯಂತ್ರವಿದೆಯಲ್ಲ, ಅದರೊಳಗೆ ಸುತ್ತಲೂ ಕೂರುವ ಹರಳುಗಳನ್ನು ಜೋಡಿಸುವುದು ನಮ್ಮ ಕಸುಬು. ರೋಗಿಗೆ ಚುಚ್ಚಿದ ಔಷಧದಿಂದ ಒಂದೇ ಗಳಿಗೆಗೆ ಎರಡು ಕಿರಣ ಹೊರಡುತ್ತವೆ, ಒಂದು ಆ ಕಡೆಗೆ, ಇನ್ನೊಂದು ಈ ಕಡೆಗೆ. ಅವು ಬಡಿದಾಗ ಹರಳಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕು ಮಿನುಗುತ್ತದೆ. ಹರಳಿನ ಬೆನ್ನಿಗೆ ಅಂಟಿಸಿದ ಸೆನ್ಸರ್ ಅದನ್ನು ಕಂಡು 'ಈಗ' ಅನ್ನುತ್ತದೆ. ಎರಡೂ ಕಡೆಯ 'ಈಗ'ಗಳಲ್ಲಿ ಎಷ್ಟು ಹಿಂದುಮುಂದಾಯಿತು ಎಂಬುದರಿಂದ ಕಿರಣ ಹೊರಟ ಜಾಗ ತಿಳಿಯುತ್ತದೆ. ಆ 'ಈಗ' ಕರಾರುವಾಕ್ಕಾದಷ್ಟೂ ಚಿತ್ರ ಬೇಗ ತಿಳಿಯಾಗುತ್ತದೆ, ರೋಗಿ ಯಂತ್ರದಲ್ಲಿ ಮಲಗಿರಬೇಕಾದ ಹೊತ್ತು ಕಡಿಮೆಯಾಗುತ್ತದೆ.

ಮೇಡಂಗೆ ಬೇಕಾಗಿದ್ದದ್ದು ಆ ಹೊತ್ತು ಕಡಿಮೆಯಾಗುವುದು, ಅದೊಂದೇ. ಅವರ ತಾಯಿಗೆ ಬೆನ್ನುಮೂಳೆಯಲ್ಲಿ ಕ್ಯಾನ್ಸರ್. ಸ್ಕ್ಯಾನಿಗೆ ಮಲಗಿಸಿದರೆ ನೋವು ತಾಳದೆ ಅಲುಗಾಡಿಬಿಟ್ಟರಂತೆ, ಚಿತ್ರ ಕಲೆಸಿಹೋಯಿತಂತೆ, ಮತ್ತೆ ಮಲಗಿಸಿದರಂತೆ. "ಅಲ್ಲಾಡ್ಬೇಡಿ ಅಜ್ಜಿ, ಅಲ್ಲಾಡ್ಬೇಡಿ ಅಜ್ಜಿ ಅಂತ ಮೈಕಲ್ಲಿ ಹೇಳ್ತಾನೇ ಇದ್ರು. ನಮ್ಮಮ್ಮ ಸೀರೆ ಸೆರಗು ಬಾಯಿಗೆ ತುರ್ಕೊಂಡು ಮಲಗಿದ್ಲು. ನಾನು ಗಾಜಿನಾಚೆ ನಿಂತಿದ್ದೆ" ಎಂದು ಒಮ್ಮೆ ಮಾತ್ರ ಹೇಳಿದರು. ಇನ್ನೊಮ್ಮೆ ಕೇಳುವ ಧೈರ್ಯ ನನಗೂ ಬರಲಿಲ್ಲ.

ಎರಡು ಹರಳುಗಳನ್ನು ನಮ್ಮ ಪರೀಕ್ಷಾ ಯಂತ್ರದ ಪೆಟ್ಟಿಗೆಯಲ್ಲಿ ಎದುರುಬದುರು ಇಟ್ಟು ನೋಡಿದರೆ ಪರದೆಯ ಮೇಲೆ ಗೆರೆಯೊಂದು ಗುಡ್ಡದ ಹಾಗೆ ಏಳುತ್ತದೆ. 'ಈಗ' ಹಿಂದುಮುಂದಾದಷ್ಟೂ ಗುಡ್ಡ ಅಗಲ. ಮೇಡಂ ಬೆಳಗ್ಗೆ ಬಂದವರೇ ಬ್ಯಾಗು ಕೂಡ ಇಳಿಸದೆ ಅದನ್ನು ನೋಡಿ ಹಣೆ ಚಚ್ಚಿಕೊಳ್ಳುವರು. "ಅಯ್ಯೋ, ಇದೇನೇ ಇದು? ನಂದಿ ಬೆಟ್ಟ ನೋಡೋಕೆ ಇಲ್ಲಿಗ್ಯಾಕೆ ಬರ್ಬೇಕು, ತಾರಸಿ ಹತ್ತಿದ್ರೆ ಕಾಣುತ್ತೆ. ನಂಗೆ ಬೆಟ್ಟ ಬೇಡ ಕಣೆ, ಗರುಡಗಂಬ ಬೇಕು, ಗರುಡಗಂಬ!"

ಏನು ಮಾಡಲಿಲ್ಲ ನಾವು! ಹರಳು ಉದ್ದವಾದರೆ ಬೆಳಕು ಸುತ್ತಿಬಳಸಿ ತಡವಾಗಿ ಬರುತ್ತದೆಂದು ಮೋಟು ಮಾಡಿದೆವು. ಅಂಟು ಬದಲಾಯಿಸಿದೆವು. ನಲ್ಲಿಗೆ ಸುತ್ತುವಂಥ ಬಿಳಿ ಟೇಪನ್ನು ಹರಳಿಗೆ ಸುತ್ತಿದೆವು, ಬಿಚ್ಚಿದೆವು, ಮತ್ತೆ ಸುತ್ತಿದೆವು. "ಮೊದಲು ಬಂದ ಬೆಳಕಿನ ಮಾತು ಕೇಳು. ಆಮೇಲೆ ಬರೋದೆಲ್ಲ ಬರೀ ಸಂತೆ" ಎನ್ನುವುದು ಅವರ ಮಂತ್ರ. ಆದರೆ ಆ ಮೊದಲ ಬೆಳಕು ಕೇಳಿಸಲೆಂದು ಸೆನ್ಸರಿನ ಕಿವಿ ಚುರುಕು ಮಾಡಿದರೆ ಅದು ಬೆಳಕಿಲ್ಲದಿದ್ದರೂ ಬಂತು ಬಂತು ಎಂದು ಕೂಗಿಕೊಳ್ಳುತ್ತಿತ್ತು. ಕಿವಿ ಮಂದ ಮಾಡಿದರೆ ಮತ್ತೆ ನಂದಿ ಬೆಟ್ಟ. ವರ್ಷ ಕಳೆದರೂ ಅದೇ ಹಾಡು. ಮೇಡಂ ಊಟದ ಡಬ್ಬಿಯನ್ನೂ ನಿಂತುಕೊಂಡೇ ಖಾಲಿ ಮಾಡುತ್ತಿದ್ದರು, ಯಂತ್ರವನ್ನಂತೂ ಆರಿಸಲು ಬಿಡುತ್ತಲೇ ಇರಲಿಲ್ಲ.

ಹೀಗಿರುವಾಗ ಆಯುಧಪೂಜೆ ಬಂತು.

"ಮೇಡಂ, ನಾಳೆ ಎಲ್ಲಾ ಆರಿಸ್ಬೇಕು" ಅಂದೆ.

"ಪೂಜೆ ಮಾಡ್ಕೊಳ್ರಮ್ಮ, ಯಾರು ಬೇಡ ಅಂದ್ರು? ನಂಗೂ ಒಂದಿಷ್ಟು ಪುರಿ ಕೊಡಿ. ಯಂತ್ರ ಓಡ್ತಿರ್ಲಿ."

"ಓಡೋದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ? ನಮ್ಮನೇಲಿ ರೇಷ್ಮೆ ಹುರಿ ಮಾಡೋ ಮಿಷನ್ನು ವರ್ಷವೆಲ್ಲ ಕಿವಿ ಕಿತ್ಕೊಂಡು ತಿರುಗುತ್ತೆ. ಕುಂಕುಮ ಇಟ್ಟಮೇಲೆ ದಶಮಿ ಬೆಳಗ್ಗೆವರೆಗೂ ನಮ್ಮಪ್ಪ ಅದರ ಸ್ವಿಚ್ ಮುಟ್ಟಲ್ಲ."

"ಆರಿಸಿದ್ರೆ ಮತ್ತೆ ಸರಿಹೋಗೋಕೆ ಎಷ್ಟು ಹೊತ್ತು ತಗೊಳುತ್ತೋ ಏನೋ ಕಣೆ!"

"ಹಾಗಾದ್ರೆ ನಾನೂ ನಾಳಿದ್ದಿಂದ ಬರಲ್ಲ."

ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. ಚಪ್ಪಲಿ ಟಪಟಪಟಪ ಬಡಿದುಕೊಂಡಿತು. "ಆಯ್ತು ಮಹಾತಾಯಿ, ಆರಿಸು" ಎಂದು ಹೊರಗೆ ಹೋಗಿಬಿಟ್ಟರು. ಮರುದಿನ ನಾನು ಮೇನ್ ಸ್ವಿಚ್ಚನ್ನೇ ಇಳಿಸಿದೆ. ಪೆಟ್ಟಿಗೆಗೆ ಅರಿಶಿನ ಕುಂಕುಮ, ಸೇವಂತಿಗೆ, ಬಾಗಿಲಲ್ಲಿ ಬೂದುಗುಂಬಳಕಾಯಿ. ಮೇಡಂ ಪುರಿ ತಿನ್ನುತ್ತಾ ಶೆಡ್ಡಿನ ಸುತ್ತ ಪ್ರದಕ್ಷಿಣೆ ಹಾಕಿದರು. ಭಕ್ತಿಯಿಂದಲ್ಲ, ನಿಲ್ಲಲಾರದೆ.

ವಿಜಯದಶಮಿ ಬೆಳಗ್ಗೆ ನಾನಿನ್ನೂ ಬಸ್ಸಿನಲ್ಲಿದ್ದಾಗಲೇ ಫೋನು. "ನಿಮ್ ದೇವ್ರು ಎದ್ದಾಯ್ತೇನೇ?" ಹೋಗಿ ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎದ್ದದ್ದು ನಂದಿ ಬೆಟ್ಟವಲ್ಲ. ಗರುಡಗಂಬವೆಂದರೆ ಹೆಚ್ಚಾದೀತು, ಅದರ ತಮ್ಮ ಅನ್ನಬಹುದು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಕೋಣೆಯಲ್ಲಿ ಏನೋ ಕಮ್ಮಿಯಾಗಿದೆ ಅನ್ನಿಸಿ ತಿರುಗಿದರೆ, ಮೇಡಂ ಕಾಲು ನಿಂತಿತ್ತು.

"ಏನೇ ಮಾಡ್ದೆ ಇದಕ್ಕೆ?"

"ಪೂಜೆ" ಅಂದೆ.

ಅವರು ನಗಲಿಲ್ಲ. ಕಂಬ ನೋಡನೋಡುತ್ತಿದ್ದಂತೆ ಊದಿಕೊಳ್ಳತೊಡಗಿತು. ಇಡ್ಲಿ ತಂದು ಬಿಚ್ಚುವ ಹೊತ್ತಿಗೆ ಮತ್ತೆ ಅದೇ ಬೆಟ್ಟ. ಮೇಡಂ ಪೆಟ್ಟಿಗೆಯ ಮುಚ್ಚಳ ತೆಗೆದು ಸೆನ್ಸರಿನ ಹಿಂದಿನ ಬೋರ್ಡಿನ ಮೇಲೆ ಬೆರಳಿಟ್ಟು ಫಕ್ಕನೆ ಎಳೆದುಕೊಂಡರು. ಶಾಖ ಹೆಚ್ಚಾದರೆ ಸೆನ್ಸರ್ ಸುಳ್ಳೇ ಕೂಗುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೆಂದೇ ಉಷ್ಣಮಾಪಕ ಇಟ್ಟಿದ್ದರು, ಪೆಟ್ಟಿಗೆಯ ಹೊರಗೋಡೆಗೆ. ಹೊರಗೆ ತಂಪಾಗಿಯೇ ಇತ್ತು. ಒಳಗೆ ಬೇಯುತ್ತಿತ್ತು. ಯಂತ್ರವನ್ನು ಎಂದೂ ಆರಿಸದಿದ್ದರಿಂದ ಅದು ತಣ್ಣಗಿದ್ದಾಗ ಹೇಗಿರುತ್ತದೆಂದು ನಾವು ಯಾರೂ ನೋಡಿರಲೇ ಇಲ್ಲ.

"ದಡ್ಡಿ ಕಣೆ ನಾನು, ಶುದ್ಧ ದಡ್ಡಿ!" ಎಂದು ನನ್ನ ಬೆನ್ನಿಗೆ ಗುದ್ದಿದರು.

"ನೋಡಿ ಮೇಡಂ, ಒಂದಿನ ರೆಸ್ಟ್ ಕೊಟ್ರೆ..." ಎಂದು ಶುರುಮಾಡಿದೆ.

"ಸುಮ್ನಿರೇ. ರೆಸ್ಟೂ ಇಲ್ಲ ಗಿಸ್ಟೂ ಇಲ್ಲ. ತಣ್ಣಗಾಯ್ತು, ಅಷ್ಟೆ." ಅಂದಿನಿಂದಲೇ ಬೋರ್ಡಿನ ಬೆನ್ನಿಗೆ ತಾಮ್ರದ ತಗಡು, ತಣ್ಣೀರಿನ ಕೊಳವೆ ಹಾಕುವ ಕೆಲಸ ಶುರುವಾಯಿತು. ಸೆನ್ಸರ್ ತಣ್ಣಗಾದ ಮೇಲೆ ಅದರ ಕಿವಿಯನ್ನು ಬೇಕಾದಷ್ಟು ಚುರುಕು ಮಾಡಿದೆವು. ಅದು ಸುಳ್ಳು ಕೂಗಲಿಲ್ಲ.

ಗುಡ್ಡ ಕರಗುತ್ತಾ ಬಂತು. ಮೇಡಮ್ಮೂ ಕರಗುತ್ತಾ ಬಂದರು. ಮೊದಲು ನಮಗೆ ತಿಳಿಯಲಿಲ್ಲ, ಓಡಾಟ ಹೆಚ್ಚಾಯಿತು ಅಂದುಕೊಂಡೆವು. ಕೊನೆಗೆ ಸ್ಕ್ಯಾನ್ ಮಾಡಿಸಲು ಜೊತೆಗೆ ಹೋದವಳು ನಾನೇ. ಅಲ್ಲಿ ಔಷಧ ಚುಚ್ಚಿ, ಅದು ಮೈಗೆ ಹರಡುವವರೆಗೆ ಮಿಸುಕಾಡದೆ ಮಲಗಿರಿ ಅಂದರು. ಕ್ಯಾನ್ಸರಿಗಷ್ಟೇ ಅಲ್ಲ, ದುಡಿಯುವ ಮಾಂಸಖಂಡಕ್ಕೂ ಆ ಔಷಧ ಹೋಗಿ ಸೇರುತ್ತದೆ. ಚಿತ್ರ ಬಂದಾಗ ಡಾಕ್ಟರು ಹೊಟ್ಟೆಯೊಳಗಿನ ಹೊಳೆಯುವ ಚುಕ್ಕೆಯನ್ನು ತೋರಿಸಿದರು. ಆಮೇಲೆ ಹುಬ್ಬುಗಂಟಿಕ್ಕಿ, "ಎಡಗಾಲಿನ ಮೀನಖಂಡಕ್ಕೆ ಏನಾದ್ರೂ ಪೆಟ್ಟಾಗಿತ್ತಾ?" ಎಂದು ಕೇಳಿದರು. ಕಾಲು ಬೆಂಕಿ ಹತ್ತಿದ ಹಾಗೆ ಬೆಳಗುತ್ತಿತ್ತು.

"ಮಲಗಿರಿ ಅಂದ್ರಲ್ಲ, ಆಗ ಕುಣಿಸ್ತಿದ್ರಾ ಮೇಡಂ?" ಎಂದೆ. ಅಳು ಬಂದುಬಿಟ್ಟಿತ್ತು, ಅದರ ನಡುವೆಯೇ ನಗುವೂ ಬಂತು.

"ಕುಣಿಸ್ದೆ ಇನ್ನೇನು, ಸುಮ್ನೆ ಮಲಗೋಕಾಗುತ್ತಾ?" ಅಂದರು. ಹೊಟ್ಟೆಯ ಚುಕ್ಕೆಯತ್ತ ಕಣ್ಣೇ ಹಾಯಿಸಲಿಲ್ಲ. ಕಾಲಿನ ಚಿತ್ರದ ಮೇಲೆ ಬೆರಳಾಡಿಸಿ, "ಅಂಚು ನೋಡೇ, ಎಷ್ಟು ಮಸುಕು. ನಮ್ ಹರಳಿದ್ದಿದ್ರೆ ಹಿಂಗಿರ್ತಿತ್ತಾ?" ಎಂದು ಗೊಣಗಿದರು.

ನಮ್ಮ ಹರಳು ಇನ್ನೂ ಯಾವ ಆಸ್ಪತ್ರೆಗೂ ಹೋಗಿರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದುಕೊಂಡು ಅವರ ಮನೆಗೆ ಹೋದೆ, ಫೋನಿನಲ್ಲಿ ಹೊಸ ಗುಡ್ಡವನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. "ಪರವಾಗಿಲ್ಲ. ಕಂಬಾನೇ" ಅಂದರು. ನಾನು ಅವರ ಮುಖ ನೋಡುತ್ತಿರಲಿಲ್ಲ. ಹೊದಿಕೆಯ ಕೆಳಗೆ ಎಡಗಾಲು ಅಲ್ಲಾಡುತ್ತಿರಲಿಲ್ಲ, ನನ್ನ ಕಣ್ಣು ಅಲ್ಲೇ ಇತ್ತು. ಆ ವಾರದಲ್ಲೇ ಹೋಗಿಬಿಟ್ಟರು.

ಶೆಡ್ಡನ್ನು ನಾವೇ ಹೆಗಲು ಕೊಟ್ಟು ನಡೆಸಿದೆವು. ಈಚೆಗೆ ನಮ್ಮ ಹರಳು ಕೂರಿಸಿದ ಮೊದಲ ಯಂತ್ರ ಒಂದು ಆಸ್ಪತ್ರೆಗೆ ಬಂತು. ನೋಡಲು ಹೋದೆ. ಚನ್ನರಾಯಪಟ್ಟಣದ ಕಡೆಯ ಒಬ್ಬ ಮುದುಕಿಯನ್ನು ಮಲಗಿಸಿದರು. ನಾನು ಗಾಜಿನಾಚೆ ನಿಂತೆ. ನಿಲ್ಲಲಾಗಲಿಲ್ಲ, ಅತ್ತಿಂದಿತ್ತ ತಿರುಗಿದೆ. ಅಷ್ಟರಲ್ಲಿ ಮುಗಿದೇಹೋಯಿತು. ಮೈಕಿನಲ್ಲಿ ಯಾರೂ ಏನೂ ಹೇಳಬೇಕಾಗಲಿಲ್ಲ.

ಮುದುಕಿ ಹೊರಗೆ ಬಂದವಳೇ ಅನುಮಾನದಿಂದ ನನ್ನ ಕೈ ಹಿಡಿದುಕೊಂಡಳು. "ಮಲಗು ಅಂದ್ರು, ಮಲಗ್ದೆ. ಏಳು ಅಂದ್ರು. ಸರ್ಯಾಗಿ ನೋಡಿದ್ರೋ ಇಲ್ವೋ ಕಾಣೆ ಕಣವ್ವ."

"ಸರ್ಯಾಗೇ ನೋಡಿದಾರೆ ಅಜ್ಜಿ" ಅಂದೆ. "ನೀವು ಜಾಸ್ತಿ ಹೊತ್ತು ಮಲಗ್ಬಾರ್ದು ಅಂತ ಒಬ್ರು ಒಂದಿನಾನೂ ಕೂರದೆ ಮಾಡಿಟ್ಟು ಹೋಗಿದಾರೆ."

"ಯಾರವ್ವ ಅವರು?"

"ನಮ್ ಮೇಡಂ" ಅಂದೆ. ಬಗ್ಗಿ ಅವಳ ಚಪ್ಪಲಿಯನ್ನು ಕಾಲ ಬಳಿ ಸರಿಸಿಟ್ಟೆ.