ದೇವರ ಕೂಸಿಗೆ ಬೈದ ಅಕ್ಕೋರು

ರುದ್ರವ್ವ ಅಕ್ಕೋರಿಗೆ ಶಿಕ್ಷಕಿಯ ತರಬೇತಿಯ ಹೊರತು ಬೇರೆ ಪದವಿಯಿರಲಿಲ್ಲ. ಧಾರವಾಡದಿಂದ ಗೋವೆಯ ವಾಸ್ಕೋಗೆ ಬಂದು, ಮಂಗೋರ್ ಹಿಲ್ಲಿನ ಓಣಿಯೊಂದರ ಕನ್ನಡ ಶಾಲೆಯಲ್ಲಿ ಬಂದರಿನ ಹಮಾಲರ, ಲಾರಿ ಚಾಲಕರ ಮಕ್ಕಳಿಗೆ ಎರಡು ದಶಕಗಳಿಗೂ ಮಿಕ್ಕಿ ಅಕ್ಷರ ಕಲಿಸಿದ ಅವರು ಈ ೧೯೯೮ರಲ್ಲಿ ನಿವೃತ್ತರಾಗುತ್ತಿದ್ದಾರೆ. ಗೋವೆಯಲ್ಲಿ ಕನ್ನಡ ಉಳಿದ ಕಥೆ ಬರೆಯುವವರು ಅವರ ಹೆಸರನ್ನು ಬಿಟ್ಟು ಬರೆಯಲಾರರು.

೧೯೮೭ರಲ್ಲಿ ನಾಲ್ಕನೆಯ ತರಗತಿಯ ಜುಲೇಖಾ ತನ್ನ ತಮ್ಮ ಅಲ್ಲಾಬಕ್ಷನನ್ನು ಕೈಹಿಡಿದು ಶಾಲೆಗೆ ಕರೆತಂದಳು. ಅವನಿಗೆ ಹುಟ್ಟಿನಿಂದ ಡೌನ್ ಸಿಂಡ್ರೋಮ್. ಓಣಿಯವರು ಅದನ್ನು ಅಂಟುರೋಗವೆಂದಿದ್ದರು, ಗ್ರಹಣದ ದೋಷವೆಂದಿದ್ದರು. ಅಂಥವರ ಎದುರಿಗೇ ಜುಲೇಖಾ ತಮ್ಮನ ಎಂಜಲು ಲೋಟದಲ್ಲಿ ಚಹಾ ಕುಡಿದು, "ನೋಡ್ರಿ, ನನಗೇನ ಅಂಟೇತಿ?" ಎನ್ನುತ್ತಿದ್ದಳು. ಯಾರೂ ಸೇರಿಸಿಕೊಳ್ಳದ ಹುಡುಗನನ್ನು ಅಕ್ಕೋರು ಸೇರಿಸಿಕೊಂಡರು. ಮಕ್ಕಳು ಕಾಡಬಾರದೆಂದು, "ಇವ ದೇವರ ಕೂಸು, ಯಾರೂ ಏನೂ ಅನಬ್ಯಾಡ್ರಿ" ಎಂದರು.

ಅಲ್ಲೇ ತಪ್ಪಾಯಿತು. ಮೊಹರಮ್ಮಿನಲ್ಲಿ ಪಂಜಾ ಎಂಬ ಲೋಹದ ಹಸ್ತದ ಮುಂದೆ ಸಕ್ಕರೆ ಓದಿಸಿ ಪ್ರಸಾದವೆಂದು ತಿಂದು ಬೆಳೆದ ಮಕ್ಕಳು, ಪರೀಕ್ಷೆ ಹತ್ತಿರವಾದಾಗ ಸಕ್ಕರೆ ಪೊಟ್ಟಣ ತಂದು ಅಲ್ಲಾಬಕ್ಷನ ಕೈ ಮುಟ್ಟಿಸತೊಡಗಿದರು. ಆಮೇಲೆ ತಾಯಂದಿರೂ ಬಂದರು. ಅವನು ಸಕ್ಕರೆ ಮುಕ್ಕುತ್ತ ಕುಳಿತ. ಯಾರೂ ಅವನೊಡನೆ ಆಡಲಿಲ್ಲ. ಅವನ ಪಾಟಿಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

ಜುಲೇಖಾ ಅಕ್ಕೋರ ಮೇಜಿನ ಮುಂದೆ ನಿಂತಳು. "ಅಕ್ಕೋರ, ಅವ ದೇವರಲ್ರಿ. ನನ್ನ ಪೆನ್ಸಿಲ್ ಕದ್ದು ಸುಳ್ಳ ಹೇಳ್ಯಾನ. ನಾನಾಗಿದ್ರ ಬೈತಿದ್ರಿ. ಅವಂಗೂ ಬೈರಿ."

ರುದ್ರವ್ವನವರು ಎದ್ದು ಹೋಗಿ, ತುಂಬಿದ ತರಗತಿಯಲ್ಲೇ ಅವನ ಸಕ್ಕರೆ ಕಸಿದು, ಪೆನ್ಸಿಲ್ ಹಿಂದಿರುಗಿಸಲು ಹೇಳಿ, 'ಅ' ತಿದ್ದುವ ತನಕ ಆಟಕ್ಕೆ ಬಿಡುವುದಿಲ್ಲವೆಂದು ಗದರಿಸಿ ಕೂರಿಸಿದರು. ಅವನು ಗೊಳೋ ಎಂದು ಅತ್ತ. ಹಿಂದಿನ ಸಾಲಿನ ಹೀರಪ್ಪ ಬಾಯಿ ತೆರೆದು ನೋಡಿದ: "ಏ, ಇವನೂ ನಮ್ಮಂಗ ಬೈಸಿಕೊಳ್ತಾನಲೇ." ಮರುದಿನ ಅವನೇ ಅಲ್ಲಾಬಕ್ಷನನ್ನು ಗೋಲಿಯಾಟಕ್ಕೆ ಕರೆದ.

ದೇವರ ಕೂಸನ್ನು ಅಳಿಸಿದ ಶಾಪ ತಮ್ಮ ಮಕ್ಕಳಿಗೆ ತಟ್ಟುವುದೆಂದು ಪಾಲಕರು ಗುಂಪಾಗಿ ಬಂದರು. ಅವನ ಮುಂದೆ ಕಾಯಿ ಒಡೆದು ತಪ್ಪೊಪ್ಪಿಕೊಳ್ಳಿರೆಂದರು. "ಕಾಯಿ ಒಡದ್ರ ಅವಂಗ ಅಕ್ಷರ ಬರ್ತಾವೇನ್ರಿ?" ಎಂದು ಅಕ್ಕೋರು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಜುಲೇಖಾ, "ಮನ್ಯಾಗ ನಾ ದಿನಾ ಅಳಸ್ತೇನ್ರಿ. ನನಗಿನ್ನೂ ಶಾಪ ಹತ್ತಿಲ್ಲ" ಎಂದಳು. ಅಕ್ಕೋರು ಕಾಯಿ ಒಡೆಯಲಿಲ್ಲ.

ಅಲ್ಲಾಬಕ್ಷ ನಿಧಾನವಾಗಿ ಓದು ಕಲಿತ. ಈಗ ಗೋವೆಯದೇ ಕುಂಕಳ್ಳಿಯಲ್ಲಿ ಜುಲೇಖಾಳ ಕಿರಾಣಿ ಅಂಗಡಿಯ ಡಬ್ಬಿಗಳ ಮೇಲಿನ ಹೆಸರು ಓದಿ ಸಾಮಾನು ತೆಗೆದುಕೊಡುತ್ತಾನೆ. ತಪ್ಪಿದಾಗ ಅಕ್ಕ ಬೈಯುತ್ತಾಳೆ. ಅವನೂ ತಿರುಗಿ ಬೈಯುತ್ತಾನೆ.

ರುದ್ರವ್ವನವರು ಆರೋಗ್ಯದಿಂದ ಬಹುಕಾಲ ಬಾಳಲಿ. ನಿವೃತ್ತಿಯ ಮೇಲೂ ಓಣಿಯ ಮಕ್ಕಳು ಅವರ ಕೈಯಲ್ಲೇ ಅಕ್ಷರ ತಿದ್ದಿಸಿಕೊಳ್ಳಲಿ. ಅಂದು ಅವರು ಕಾಯಿ ಒಡೆಯದಿದ್ದುದಕ್ಕೆ ಪಾಲಕರು ಐವರು ಮಕ್ಕಳನ್ನು ಶಾಲೆ ಬಿಡಿಸಿದರು. ಮೂವರು ಮರಳಿ ಬಂದರು, ಇಬ್ಬರು ಬರಲಿಲ್ಲ.