ಸಾವಕಾಶ ಹೋಗುವ ಇಂಜಿನ್

ನಮ್ಮ ದೊಡ್ಡಪ್ಪನ ಜೀಪಿನಲ್ಲಿ ಹಿಂದಿನ ಸಲ ಮೆರವಣಿಗೆ ಹೊರಟ ಮದುಮಗ ಅರ್ಧ ದಾರಿಯಲ್ಲಿ ಇಳಿದು ಜೀಪು ದೂಡಿದ. ಬಬಲೇಶ್ವರದ ಬಜಾರದಲ್ಲಿ, ಹಣೆಗೆ ಬಾಸಿಂಗ ಕಟ್ಟಿಕೊಂಡು. ಬ್ಯಾಂಡಿನವರು ಅದೇ ಹೊತ್ತಿಗೆ ಜೋರು ಹಾಡೊಂದನ್ನು ಎತ್ತಿಕೊಂಡದ್ದರಿಂದ, ದೂಡುವುದೂ ಕುಣಿತದ ಒಂದು ಪಟ್ಟು ಎಂದು ತಿಳಿದು ಬೀಗರ ಕಡೆಯವರೂ ಬಂದು ಕೈ ಹಚ್ಚಿದರು. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ, "ಚಾ ಕುದ್ದೈತಿ, ಇಳಸ್ರೋ ಯಪ್ಪಾ" ಎಂದಳು. ದೊಡ್ಡಪ್ಪ ಮಾತ್ರ ಸ್ಟೇರಿಂಗ್ ಬಿಡದೆ, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಮುಂದೆ ನೋಡುತ್ತ ಕುಳಿತಿದ್ದ.

ಆ ಪೆಟ್ರೋಲ್ ಜೀಪಿಗೆ ನನಗಿಂತ ಹೆಚ್ಚು ವಯಸ್ಸು. ನಿಡೋಣಿಯ ನಮ್ಮ ಹೊಲದ ಕೆಸರು, ಕಲ್ಲು, ಹಳ್ಳ ಎಲ್ಲವನ್ನೂ ದಾಟಿದ ಗಾಡಿ. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಉಳಿದದ್ದು ಒಂದೇ ಕೆಲಸ: ಮನೆತನದ ಮದುವೆಗಳ ಮೆರವಣಿಗೆ. ಮನೆಗೆ ಬಂದ ಸೊಸೆಯರೆಲ್ಲ ಅದರಲ್ಲೇ ಬಂದವರು, ಹೋದ ಹೆಣ್ಣುಮಕ್ಕಳೆಲ್ಲ ಅದರಲ್ಲೇ ಹೋದವರು. ಆದರೆ ನಮ್ಮ ಕಡೆಯ ಮೆರವಣಿಗೆ ಎಂದರೆ ಮುಂದೆ ಹೋಗುವುದು ಕಡಿಮೆ, ನಿಂತಲ್ಲೇ ಕುಣಿಯುವುದು ಹೆಚ್ಚು. ಗಾಳಿಯಾಡದೆ ಹಳೆಯ ಇಂಜಿನ್ ಕಾದು ಕಾದು ಕೊನೆಗೆ ಕೈಕೊಟ್ಟಿತ್ತು.

ಈಗ ದೊಡ್ಡಪ್ಪನ ಹಿರಿಯ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಆಕೆ ವಿಜಯಪುರದ ಜಲನಗರದಲ್ಲಿದ್ದುಕೊಂಡು ಸಾಲಿಯಲ್ಲಿ ಗಣಿತ ಕಲಿಸುವವಳು. ಸುತ್ತು ಬಳಸಿ ಮಾತಾಡುವುದು ಗೊತ್ತಿಲ್ಲ.

"ಮುತ್ಯಾ, ಜೀಪ್ ನಡಬರಕ ಬಂದ್ ಬಿತ್ತಂದ್ರ ನಾ ಅಲ್ಲೇ ಇಳದು ಬೀಗರ ಕಾರ್ ಹತ್ತಾಕಿ ನೋಡ್ರಿ. ಅದರ ಮಾಳಗಿಗೆ ಬೆಳಕಿಂಡಿ ಐತಿ. ನಿಂತು ಮಂದಿಗೆ ಕೈ ಮಾಡಬಹುದು."

"ನನ್ನ ಜೀಪಿಗೆ ಮಾಳಗೀನ ಇಲ್ಲವಾ, ಪೂರಾ ಬೆಳಕಿಂಡಿ!" ಎಂದ ದೊಡ್ಡಪ್ಪ.

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಅಂಗಳಕ್ಕೆ ಬಂದವನೇ ನನ್ನ ಭುಜ ಹಿಡಿದ. "ಆಕಿ ಇದನ್ನ ಬಿಟ್ಟು ಅದನ್ನ ಹತ್ತಿದ್ಲಂದ್ರ ಮುಂದ ಯಾರೂ ಇದನ್ನ ಹತ್ತಂಗಿಲ್ಲ ಲೇ. ಗುಜರಿಗೆ ಹೋಗೂದ ಬಾಕಿ. ನಡಿ, ಇಂಜಿನ್ ಹುಡಕೂನು."

ವಿಜಯಪುರದ ಹಳೇ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಎಣ್ಣೆ ಒರೆಸಿ ಮಿರಿಮಿರಿ ಮಾಡಿಟ್ಟಿದ್ದ ಒಂದು ಕಾರಿನ ಇಂಜಿನ್ ತೋರಿಸಿ, "ಇದನ್ನ ಕುಂದ್ರಸ್ರಿ ಯಜಮಾನ್ರ, ಸೋಲಾಪುರಕ್ಕ ಹೋಗಿ ಚಾ ಕುಡದು, ಬಾಯಿ ಒರಸ್ಕೊಳ್ಳೂದ್ರಾಗ ವಾಪಸ್ ಬರ್ತೀರಿ" ಎಂದ.

"ಸೋಲಾಪುರಕ್ಕ ಯಾರ ಹೊಂಟಾರ? ಹಣಮಪ್ಪನ ಗುಡಿಯಿಂದ ಮಂಗಲ ಕಾರ್ಯಾಲಯಕ್ಕ ಹೋಗೂದೈತಿ. ಎಷ್ಟ ಸಾವಕಾಶ ಹೋಗತೈತಿ, ಅದನ್ನ ಹೇಳು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಸಾವಕಾಶ ಹೋಗಾಕ ಇಂಜಿನ್ ಯಾಕ್ರೀ? ಎತ್ತ ಹೂಡ್ರಿ."

ದೊಡ್ಡಪ್ಪ ಅದನ್ನೂ ಒಂದು ಗಳಿಗೆ ಮನಸ್ಸಿನಲ್ಲಿ ತೂಗಿ ನೋಡಿದ. "ಎತ್ತಿಗೆ ಡೀಜೆ ಸಪ್ಪಳ ಆಗಂಗಿಲ್ಲ" ಎಂದ.

ಅವನ ಪರೀಕ್ಷೆಯ ರೀತಿಯೇ ಬೇರೆ. ಇಂಜಿನ್ ಚಾಲೂ ಮಾಡಿಸಿ, ಆಮೇಲೆ ಯಾರೂ ಅದನ್ನು ಮುಟ್ಟಕೂಡದು. ಪಕ್ಕದಲ್ಲಿ ಸ್ಟೂಲ್ ಹಾಕಿಸಿಕೊಂಡು, ಚಹಾ ತರಿಸಿ, ಅಂಗಡಿಯವನ ಊರು, ಮನೆತನ, ಬೀಗರು, ಮಳೆ, ಬೆಳೆ ಎಲ್ಲ ವಿಚಾರಿಸುವುದು. ಮಾತು ಮುಗಿಯುವುದರೊಳಗೆ ಇಂಜಿನ್ ಬಂದ್ ಬಿದ್ದರೆ ಧೋತರ ಝಾಡಿಸಿ ಎದ್ದುಬಿಡುವುದು. ಕಾರಿನ ಇಂಜಿನ್ ಬೀಗರ ಸುದ್ದಿಯವರೆಗೂ ಬಾಳಲಿಲ್ಲ. ಇನ್ನೊಂದು, ಯಾವುದೋ ಟೆಂಪೋದ ಡೀಸೆಲ್ ಇಂಜಿನ್ ಬಂದ್ ಏನೋ ಬೀಳಲಿಲ್ಲ. ಆದರೆ ನಡುಗಿ ನಡುಗಿ, ಕಟ್ಟಿಗೆಯ ಹಲಗೆಯ ಸಮೇತ ಬಾಗಿಲ ಕಡೆ ಸರಿಯತೊಡಗಿತು. "ನಮ್ಮನ್ನ ಬಿಟ್ಟ ಮೆರವಣಿಗಿ ಹೊಂಟಿತು ನೋಡ್ಲೇ" ಎಂದು ದೊಡ್ಡಪ್ಪ ಎದ್ದ.

ಕೊನೆಗೆ ತಿಕೋಟಾದ ಗ್ಯಾರೇಜಿನ ಮಿಸ್ತ್ರಿ ಒಂದು ಸುದ್ದಿ ಹೇಳಿದ. ಘೋಣಸಗಿಯ ಒಂದು ದ್ರಾಕ್ಷಿ ತೋಟದಲ್ಲಿ, ಹಳೇ ಜೀಪೊಂದರಿಂದ ಇಳಿಸಿದ ಡೀಸೆಲ್ ಇಂಜಿನ್‌ನಿಂದ ನೀರೆತ್ತುತ್ತಾರೆ. ಇನ್ನೇನು ಕರೆಂಟಿನ ಮೋಟಾರು ಬರಲಿರುವುದರಿಂದ ಅದನ್ನು ಮಾರುವವರಿದ್ದಾರೆ ಎಂದು. ನಾವು ಹೋದಾಗ ತಗಡಿನ ನೆರಳಲ್ಲಿ ಇಂಜಿನ್ ಟುಗು ಟುಗು ಎನ್ನುತ್ತಿತ್ತು. ಅದರ ಪಕ್ಕದಲ್ಲೇ ತೋಟದ ಮಾಲೀಕರು ಹೊರಸಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ದೊಡ್ಡಪ್ಪ ಅವರನ್ನು ಎಬ್ಬಿಸಿದ.

"ಎಷ್ಟ ಓಡೈತ್ರಿ ಇದು?"

"ಓಡೂದೆಲ್ಲಿ ಬಂತ್ರಿ? ಇಲ್ಲಿಗೆ ತಂದ ಮ್ಯಾಲ ಎಲ್ಲಿಗೂ ಹೋಗಿಲ್ಲ. ನಿಂತಲ್ಲೇ ದುಡಿತೈತಿ."

ಹುಡುಗ ಎಲ್ಲಿಗೂ ತಿರುಗಾಡುವುದಿಲ್ಲ, ಚಟವಿಲ್ಲ ಎಂದು ಕೇಳಿದ ಹೆಣ್ಣಿನ ತಂದೆಯ ಹಾಗೆ ದೊಡ್ಡಪ್ಪನ ಮುಖ ಅರಳಿತು. ಮಾಲೀಕರ ಮೂರು ತಲೆಮಾರಿನ ಸುದ್ದಿ ಕೇಳಿ ಮುಗಿದರೂ ಇಂಜಿನ್ ಉಸಿರು ತಪ್ಪಲಿಲ್ಲ. ರೇಡಿಯೇಟರಿಗೆ ಅಂಗೈ ಇಟ್ಟು ನೋಡಿ, "ಇದಽ ನಮ್ಮದು" ಎಂದ.

ಮಿಸ್ತ್ರಿ ಅದನ್ನು ಜೀಪಿಗೆ ಕೂರಿಸುವಾಗ, "ಡೀಸೆಲ್ ಪಂಪ್ ಒಂದೀಟ ಸೆಟ್ ಮಾಡಿದ್ರ ಚಲೋ ಓಡತೈತ್ರಿ" ಎಂದು ಆಸೆಪಟ್ಟ. ದೊಡ್ಡಪ್ಪ ಗದರಿದ. "ಅದಕ್ಕ ಓಡೂದ ಕಲಸಬ್ಯಾಡ! ಬಂದ್ ಬೀಳಬಾರದು, ಅಷ್ಟಽ."

ಜೀಪನ್ನು ತಾನೇ ಪರೀಕ್ಷೆ ಮಾಡುತ್ತೇನೆಂದು ಒಂದು ದಿನ ಮೊಮ್ಮಗಳು ಜಲನಗರದಿಂದ ಸ್ಕೂಟಿಯ ಮೇಲೆ ತಿಕೋಟಾಕ್ಕೆ ಬಂದಳು. ಆಕೆಯ ಕರಾರು ಇಷ್ಟು: ತಾನು ಬಜಾರದಲ್ಲಿ ಮುಂದೆ ನಡೆಯುವುದು, ನಾವು ಹಿಂದೆ ಜೀಪಿನಲ್ಲಿ ಬರುವುದು, ತಾನು ನಿಂತಲ್ಲೆಲ್ಲ ನಿಲ್ಲುವುದು, ಇಂಜಿನ್ ಮಾತ್ರ ನಿಲ್ಲಕೂಡದು. ಆಕೆ ಬಳೆ ಅಂಗಡಿಯ ಮುಂದೆ ನಿಂತು ಒಂದೂ ಬಳೆ ಕೊಳ್ಳದೆ ಎಲ್ಲ ಬಣ್ಣವನ್ನೂ ನೋಡಿದಳು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಕುರ್ಚಿ ಎಳೆದು ಕುಳಿತು ಗುಟುಕು ಗುಟುಕಾಗಿ ಕುಡಿದಳು. ನಾವು ಹಿಂದೆ ಟುಗು ಟುಗು. ಕಾಯಿಪಲ್ಲೆ ಮಾರುವ ಹೆಂಗಸಿಗೆ ಸಂಶಯ ಬಂತು.

"ಯಾಕವಾ ತಂಗಿ, ಈ ಜೀಪಿನ್ಯಾವರು ಬೆನ್ನ ಹತ್ಯಾರೇನು? ಮಂದೀನ ಕರೀಲಿ?"

"ಇಲ್ರಿ ಆಯಿ. ನಮ್ಮ ಮುತ್ಯಾ ಪರೀಕ್ಷಾ ಬರಿಯಾಕತ್ಯಾರ."

ಆ ಹೆಂಗಸು ದೊಡ್ಡಪ್ಪನನ್ನು ಮೇಲಿನಿಂದ ಕೆಳಗೆ ನೋಡಿ, "ಪಾಸ್ ಮಾಡವಾ, ವಯಸ್ಸಾಗೇತಿ" ಎಂದಳು.

ಬಸ್ ನಿಲ್ದಾಣದ ಹತ್ತಿರ ಮೊಮ್ಮಗಳು ತಿರುಗಿ, "ಸಾಕ ಮುತ್ಯಾ, ಬಂದ್ ಮಾಡ್ರಿ" ಎಂದಳು. ದೊಡ್ಡಪ್ಪ ಚಾವಿ ತಿರುವಿದ. ಟುಗು ಟುಗು. ಚಾವಿ ತೆಗೆದು ಜೇಬಿಗೆ ಹಾಕಿಕೊಂಡ. ಟುಗು ಟುಗು. ಇಂಥ ಡೀಸೆಲ್ ಇಂಜಿನ್ ನಿಲ್ಲಿಸಲು ಬೇರೆಯೇ ಒಂದು ತಂತಿ ಎಳೆಯಬೇಕು. ಮಿಸ್ತ್ರಿ ಅದನ್ನು ಹಾಕಿಯೇ ಇರಲಿಲ್ಲ. ಫೋನ್ ಮಾಡಿದರೆ, "ಬಂದ್ ಬೀಳಬಾರದು ಅಂತ ನೀವಽ ಹೇಳೀರಲ್ರಿ!" ಎಂದು ನಮ್ಮ ಮೇಲೆಯೇ ಏರಿ ಬಂದ. ನಾನು, "ಮೇಲಿನ ಗೇರಿಗೆ ಹಾಕಿ ಬ್ರೇಕ್ ಒತ್ತಿ ಬಂದ್ ಕೆಡವೂನು" ಎಂದೆ. ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡು, "ಬ್ಯಾಡ್ಲೇ! ಆಕಿ ನೋಡಾಕತ್ತಾಳ, ಫೇಲ್ ಅಂದಾಳು!" ಎಂದು ಪಿಸುಗುಟ್ಟಿದ.

ಹಾಗೆಯೇ ಗ್ಯಾರೇಜಿಗೆ ಮರಳಿದೆವು. ಮಿಸ್ತ್ರಿ ಬಾನೆಟ್ ಎತ್ತಿ, ಬೆರಳಿನಿಂದ ಏನೋ ಒತ್ತಿ ಇಂಜಿನ್ ಆರಿಸಿದ ಮೇಲೆ ಆಕೆ ಫಲಿತಾಂಶ ಹೇಳಿದಳು. "ಜೀಪ್ ಪಾಸ್. ಆದ್ರ ಇನ್ನೊಂದೈತಿ. ಎಲ್ಲಾರ ಮದುವ್ಯಾಗೂ ನೀವು ಸ್ಟೇರಿಂಗ್ ಹಿಡದು ಕುಂತಿರತೀರಿ. ನೀವು ಕುಣಿದದ್ದನ್ನ ನಾ ಒಮ್ಮೆರೆ ನೋಡಿಲ್ಲ. ನನ್ನ ಮದುವ್ಯಾಗ ಕಾಕಾ ಗಾಡಿ ಹೊಡೀಲಿ, ನೀವು ಮುಂದ ಇಳೀರಿ."

"ಇವಂಗ ಕೊಡ್ಲಿ? ಇವ ಸೈಕಲ್ ಮ್ಯಾಲಿಂದ ಬಿದ್ದಾಂವ!" ಎಂದು ದೊಡ್ಡಪ್ಪ ನನ್ನ ಕಡೆ ಬೆರಳು ಮಾಡಿದ.

"ಇಳೀತೀರೋ, ಬೀಗರ ಕಾರಿಗೆ ಹೇಳ್ಲ್ಯೋ?"

ಮದುವೆಯ ಸಂಜೆ ಬಬಲೇಶ್ವರದಲ್ಲಿ ನಾನು ಸ್ಟೇರಿಂಗ್ ಹಿಡಿದೆ. ಹಿಂದೆ ಮದುಮಕ್ಕಳು ಕುಳಿತಿದ್ದರು. ದೊಡ್ಡಪ್ಪ ಮೊದಲು ನಾಚಿಕೊಂಡು ಬರೀ ಭುಜ ಕುಣಿಸಿದ. ಆಮೇಲೆ ಧೋತರ ಮೇಲೆ ಕಟ್ಟಿದ. ಆಮೇಲೆ ಅವನನ್ನು ಯಾರಿಗೂ ಮುಂದೆ ಸರಿಸಲಾಗಲಿಲ್ಲ. ಬ್ಯಾಂಡಿನವರು ಬೆವೆತರು, ಬೀಗರು ಕೈಗಡಿಯಾರ ನೋಡಿಕೊಂಡರು. ಇಂಜಿನ್ ಮಾತ್ರ ತೋಟದಲ್ಲಿದ್ದಷ್ಟೇ ನೆಮ್ಮದಿಯಾಗಿತ್ತು.

ಮದುಮಗಳು ಎದ್ದು ನಿಂತು ಕೂಗಿದಳು: "ಮುತ್ಯಾ, ಇಂಜಿನ್ ಬಿಸಿ ಆಗಿಲ್ಲ, ಬೀಗರು ಬಿಸಿ ಆಗ್ಯಾರ! ಒಂದ್ ಹೆಜ್ಜಿ ಮುಂದ ಬರ್ರಿ!"

ಅವನು ಕೇಳದವನ ಹಾಗೆ ಎರಡು ಹೆಜ್ಜೆ ಹಿಂದಕ್ಕೇ ಬಂದು, ಅವಳ ಕಡೆ ಕೈ ಚಾಚಿದ. ಅವಳು ಒಂದು ಗಳಿಗೆ ನೋಡಿದಳು, ಸೀರೆಯ ನೆರಿಗೆ ಎತ್ತಿಕೊಂಡು ಜೀಪಿನಿಂದ ಜಿಗಿದೇಬಿಟ್ಟಳು.

ಹಿಂದಿನ ಸೀಟಿನಲ್ಲಿ ಒಬ್ಬನೇ ಉಳಿದ ಮದುಮಗ ನನ್ನ ಕಿವಿಯ ಹತ್ತಿರ ಬಗ್ಗಿ, "ಕಾಕಾ, ನಾನೂ ಇಳೀಲೇನ್ರಿ?" ಎಂದು ಕೇಳಿದ.

"ಇಳೀರಿ, ಇಳೀರಿ. ಗಾಡಿ ನಾ ನೋಡ್ಕೋತೀನಿ" ಎಂದೆ.